ಚೌಕಿನ ಪೇದೆಯ ಕೈ

ಬಾಗಲಕೋಟೆಗೆ ಆಗಿನ್ನೂ ಕೆಂಪು ದೀಪ ಬಂದಿರಲಿಲ್ಲ. ನನ್ನ ಸೈಕಲ್ ಅಂಗಡಿ ಎದುರಿನ ಚೌಕಿನಲ್ಲಿ ಟ್ರಾಫಿಕ್ ಪೇದೆಯ ಬಲಗೈಯೇ ಕೆಂಪು ದೀಪ. ಬೆಳಿಗ್ಗೆ ಬಂದವರೇ ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಅವರು ಕೈ ಎತ್ತಿದ ಮೇಲೆ ಗಾಡಿಯ ಮುಂದಿನ ಗಾಲಿ ಆ ಗೆರೆ ದಾಟಿದರೆ ತಪ್ಪು. ಅದಕ್ಕೂ ಮೊದಲೇ ದಾಟಿದ್ದರೆ ಬಿಟ್ಟುಬಿಡುತ್ತಿದ್ದರು. ವಾದಕ್ಕೆ ನಿಂತವರಿಗೆಲ್ಲ ದಣಿದ ದನಿಯಲ್ಲಿ ಒಂದೇ ಮಾತು: "ಕೈ ಮೊದಲ, ಗಾಲಿ ಆಮ್ಯಾಲ. ನಾ ನೋಡೇನಿ."

ಪೇದೆ ಭುಜದ ನೋವಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ ಒಂದು ಮಧ್ಯಾಹ್ನ, ಇಳಕಲ್ಲಿನ ಟೆಂಪೊ ಒಂದು ಗೆರೆ ದಾಟಿ ಬಂದು ಸೈಕಲ್ ಸವಾರನನ್ನು ಕೆಡವಿತು.

"ನಿಮ್ಮ ಕೈ ಕೆಳಗ ಇಳದಿತ್ರಿ, ಅದಕ್ಕ ಬಂದೆ" ಎಂದು ಡ್ರೈವರ್ ಗೋಗರೆದ.

ಸುದ್ದಿ ತಿಳಿದು ಬಂದ ಠಾಣೆಯ ಸಾಹೇಬರು ಜೀಪಿನಿಂದ ಇಳಿದು ಪೇದೆಗೆ, "ಕೈ ಮ್ಯಾಲಿತ್ತು ಅಂತ ಹೇಳಿಬಿಡು. ಅಂದ್ರ ಇವನ ಲೈಸೆನ್ಸ್ ಹೋಗ್ತೈತಿ" ಎಂದರು.

ಪೇದೆ ಭುಜ ಒತ್ತಿಕೊಳ್ಳುತ್ತ ಸುಣ್ಣದ ಗೆರೆಯ ಕಡೆ ನೋಡಿದರು.

"ಗಾಲಿ ನೋಡೇನ್ರಿ ಸಾಹೇಬ್ರ. ನನ್ನ ಕೈ ನೋಡಿಲ್ರಿ."

ಸಾಹೇಬರು ಎಲ್ಲರೆದುರೇ ಬೈದು ಹೋದರು. ಮರುದಿನದಿಂದ ಪೇದೆ ಕೈ ಎತ್ತಿದಾಗಲೆಲ್ಲ, ಬರುವ ಗಾಡಿಗಿಂತ ಮೊದಲು ತಮ್ಮ ಕೈಯನ್ನೇ ತಿರುಗಿ ನೋಡಿಕೊಳ್ಳುತ್ತಿದ್ದರು.