ಪಿಡಿ ಎಂದರೋ, ಬಿಡಿ ಎಂದರೋ

ಸಂಜೆ ಐದೂಕಾಲಿಗೆ ಅದು ಶುರುವಾಯಿತು. ಇಷ್ಟು ವರ್ಷವಾದರೂ ಆ ಹೊತ್ತಿನಲ್ಲಿ ಗಡಿಯಾರ ನೋಡಲು ನನಗೆ ಮನಸ್ಸಾಗುವುದಿಲ್ಲ. ಮೊನ್ನೆ ಅಮ್ಮನ ಕೆಂಪು ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಾಗ ಅದರ ಮಡಿಕೆಗಳಿಂದ, ಬಣ್ಣದಲ್ಲಿ ಬೇಯಿಸಿದ ನೂಲಿನ ವಾಸನೆ ಬಂದಂತಾಯಿತು. ಅಷ್ಟು ಕಾಲ ಅದು ಉಳಿದಿರಲಾರದು…

ಸೀರೆಯ ನೂಲಿಗೆ ಬಣ್ಣ ಹಾಕಿದವರು ಕೊಳ್ಳೇಗಾಲದ ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಬಣ್ಣದ ಮಾವ ಎನ್ನುತ್ತಿದ್ದೆ. ನೇಕಾರರ ಬೀದಿಗೆಲ್ಲ ಅವರೇ ಬಣ್ಣದವರು. ಮೊಣಕೈಯವರೆಗೂ ಸದಾ ಕೆಂಪು. ಬೀದಿಯಲ್ಲಿ ಕನ್ನಡ ಆಡುತ್ತಿದ್ದರು. ಕೈಗೆ ಬಿಸಿನೀರು ಚೆಲ್ಲಿದರೆ ಮಾತ್ರ ಬಾಯಲ್ಲಿ ಮನೆಮಾತು ತಮಿಳು ಬರುತ್ತಿತ್ತು.

ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಎರಡೂ ಊರಿನ ಫುಟ್‌ಬಾಲ್ ತಂಡಗಳು ಫೈನಲಿನಲ್ಲಿ ಸಮವಾಗಿ, ಮುಂದಿನ ವಾರ ನಮ್ಮ ಮೈದಾನದಲ್ಲಿ ಮತ್ತೆ ಆಡಿದವು. ಯಳಂದೂರಿನ ಗೋಲು ಕಾಯುತ್ತಿದ್ದ ಗೋಲಿ ಬಣ್ಣದ ಮಾವನ ತಂಗಿಯ ಮಗ. ಅಲ್ಲೇ ಹುಟ್ಟಿ ಬೆಳೆದವನು, ತಮಿಳು ಅಷ್ಟಕ್ಕಷ್ಟೆ. ಮಾವನ ಮಗಳನ್ನು ಅವನಿಗೇ ಕೊಡುವುದೆಂದು ಮಾತಾಗಿತ್ತು. ಆದರೂ ಮಾವ ಆಟದುದ್ದಕ್ಕೂ ನಮ್ಮೂರಿನ ಪರವಾಗಿಯೇ ಕೂಗುತ್ತಿದ್ದರು. ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಯಳಂದೂರಿನ ಗೋಲಿನ ಹಿಂದೆ ಅವರ ಪಕ್ಕದಲ್ಲೇ ನಿಂತಿದ್ದೆ.

ಐದೂಕಾಲಿಗೆ ಆಟ ಮುಗಿಯುತ್ತ ಬಂದಿತ್ತು. ನಮ್ಮವನೊಬ್ಬ ದೂರದಿಂದ ಒದ್ದ ಚೆಂಡು ಕಂಬದ ಕಡೆಗೆ ಮೆಲ್ಲಗೆ ಉರುಳಿ ಬಂತು. ಗೋಲಿ ಬಾಗಿದ. ಮಾವ ಏನೋ ಕೂಗಿದರು. ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಚೆಂಡು ಕಂಬವನ್ನು ಸವರಿಕೊಂಡು ಒಳಗೆ ಹೋಯಿತು. ಅದೊಂದೇ ಗೋಲು.

ಕಾಪಿ ಹೋಟೆಲಿನಲ್ಲಿ ಗೆಲುವಿನ ವಿಚಾರಣೆ ನಡೆಯಿತು. ಮಾವನೂ ನಾನೂ ಒಲೆಯ ಮುಂದಿನ ಬೆಂಚಿನಲ್ಲಿದ್ದೆವು. ಎದುರುಮನೆಯ ನೇಕಾರ ಮೇಜಿನ ಮೇಲೆ ಎರಡು ಲೋಟ ನಿಲ್ಲಿಸಿ ಗೋಲು ಮಾಡಿದ. ಬೋಂಡ ಚೆಂಡಾಯಿತು.

“ನಮ್ಮೋನು ಬೇಕಂತ್ಲೇ ಮೆಲ್ಲಕೆ ಒದ್ದ ಕಣ್ಲಾ, ಗೋಲಿ ಮೋಸ ಓಗ್ಲಿ ಅಂತ.”

“ಒದ್ದೋನ್ಗೇ ಗೊತ್ತಿರ್ಲಿಲ್ಲ ಅದು ಗೋಲಾಯ್ತದೆ ಅಂತ. ನೀ ಮೊದ್ಲು ಆ ಚೆಂಡು ತಿನ್ನು,” ಎಂದ ಅವನ ಪಕ್ಕದವನು.

ಬಸ್ಸಿಗೆ ಕಾಯುತ್ತಿದ್ದ ಯಳಂದೂರಿನವರು ಅಷ್ಟರಲ್ಲಿ ಒಳಗೆ ಬಂದರು. ಮುಂದಿದ್ದವನು ಅಲ್ಲಿನ ಸೈಕಲ್ ಶಾಪಿನವನು.

“ಅದು ಆಟ ಅಲ್ಲ ಕಣ್ರಿ. ಇಂದ್ಗಡೆಯಿಂದ ‘ಬಿಡಿ’ ಅಂತ ಕೇಳ್ತಂತೆ ನಮ್ ಗೋಲಿಗೆ. ಗೆರೆ ತಾವ ನಿಂತೋರೇ ಯೋಳ್ತಾವ್ರಲ್ಲ, ಚೆಂಡು ಔಟ್ ಓಯ್ತದೆ ಅನ್ಕಂಡು ಬುಟ್ಟವ್ನೆ.” ಅವನು ಬಣ್ಣದ ಮಾವನ ಕಡೆ ತಿರುಗಿದ. “ಆ ದನಿ ಇವ್ರ್ದು. ಎಣ್ ಕೊಡೋ ಮಾವ, ಅಳಿಯನ ಕೈಲೇ ಗೋಲು ಬುಡಿಸವ್ರೆ.”

ಮಾವ ಮಾತಾಡಲಿಲ್ಲ. ಸೈಕಲ್ ಶಾಪಿನವನು ಅವರ ಅಂಗಿ ಹಿಡಿದು ಎಳೆದ. ಬೆಂಚು ಉರುಳಿತು. ಹಿಂದೆಯೇ ಒಲೆಯ ಮೇಲೆ ನೀರಿನ ಹಂಡೆ ಕುದಿಯುತ್ತಿತ್ತು. ಮಾವನ ಬೆನ್ನಿಗೂ ಹಂಡೆಗೂ ಒಂದು ಗೇಣು… ನನಗೆ ಈಗಲೂ ಕಾಣುವುದು ಆ ಗೇಣು. ನಮ್ಮೂರಿನವರು ಯಾರೂ ಏಳಲಿಲ್ಲ. “ನಮ್ಮೂರ್ಗೋಸ್ಕರ ಮಾಡವ್ರೆ,” ಎಂದು ಯಾರೋ ಮೆಚ್ಚಿಕೊಂಡರು ಕೂಡ.

ನಾನು ಎದ್ದು ನಿಂತೆ. “ಅವರು ಅಂದದ್ದು ಬಿಡಿ ಅಲ್ಲ, ಪಿಡಿ. ತಮಿಳಲ್ಲಿ ಹಿಡಿ ಅಂತ. ಹಳಗನ್ನಡದಲ್ಲೂ ಅದೇ ಮಾತು. ತಂಗಿ ಮಗನಿಗೆ ಯಾರಾದ್ರೂ ‘ಬಿಡಿ’ ಅಂತ ಮರ್ಯಾದೆ ಕೊಟ್ಟು ಕೂಗ್ತಾರಾ? ಬುಡ್ಲಾ ಅಂತಿದ್ರು.”

ಸೈಕಲ್ ಶಾಪಿನವನು ಯೋಚಿಸಿದ. ಅಂಗಿ ಬಿಟ್ಟ. “ಅದೂ ದಿಟವೇಯ,” ಎಂದ.

ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಆಗ ನೇಕಾರ ಬೋಂಡವನ್ನು ತಟ್ಟೆಗೆ ಹಾಕಿ ನಿಧಾನವಾಗಿ ತಲೆಯೆತ್ತಿದ.

“ಅಂಗಾದ್ರೆ… ನಮ್ ಚೆಂಡ್ನ ಇಡ್ಕೊ ಅಂದ್ರಾ ನೀವು?”

ಮಾವ ಸುಮ್ಮನಿದ್ದದ್ದು ಯಾಕೆಂದು ನನಗೆ ಹೊಳೆದದ್ದು ಆಗ. ಸುಮ್ಮನಿದ್ದರೆ ಮಗಳ ಸಂಬಂಧ ಮುರಿಯುತ್ತಿತ್ತು, ನಿಜ ಹೇಳಿದರೆ ಬೀದಿಯ ಕೆಲಸ ಹೋಗುತ್ತಿತ್ತು. ಎರಡರಲ್ಲಿ ಯಾವುದೆಂದು ಅವರು ಇನ್ನೂ ತೂಗುತ್ತಿದ್ದರು. ತೀರ್ಮಾನ ನಾನು ಮಾಡಿದ್ದೆ.

“ನಿನ್ನ ಯಾರ್ ಕೇಳಿದ್ರು ಮಗ,” ಎಂದರು. ಅಷ್ಟೆ.

ಮರುದಿನದಿಂದ ನೇಕಾರರು ಒದ್ದೆ ಹೆಬ್ಬೆರಳಿನಿಂದ ನೂಲನ್ನು ಉಜ್ಜಿ ನೋಡತೊಡಗಿದರು, ಬಣ್ಣ ಬಿಡುತ್ತದೋ ಎಂದು. ಮಾವ ಬಣ್ಣ ಹಾಕಿದ ನೂಲನ್ನು ಅದುವರೆಗೆ ಯಾರೂ ಉಜ್ಜಿರಲಿಲ್ಲ. ಬಣ್ಣ ಬಿಡಲಿಲ್ಲ. ಆದರೂ ನೂಲು ಕೊಡುವುದು ನಿಂತಿತು. ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಹಂಡೆ ಕುದಿಯುತ್ತಿತ್ತು. ಆ ಗದ್ದಲದಲ್ಲಿ ನನಗಾದರೂ ಸರಿಯಾಗಿ ಕೇಳಿಸಿತ್ತೆ, ಪಿಡಿಯೇ ಹೌದೆ ಎಂಬ ಅನುಮಾನ ಬರುತ್ತಿತ್ತು…

ಮಗಳ ಮದುವೆ ಯಳಂದೂರಿನಲ್ಲಿ ನಡೆಯಿತು. ಅಲ್ಲೇ ಬಂದು ಇರಿ ಎಂದು ಅಳಿಯ ಕರೆದರೂ ಮಾವ ಒಪ್ಪಲಿಲ್ಲ. ಕೊಪ್ಪರಿಗೆಗಳನ್ನು ಗಾಡಿಗೆ ಹೇರಿ ಹನೂರಿನ ದಾರಿ ಹಿಡಿದು ಕೌದಳ್ಳಿಗೆ ಹೋದರು. ನೇಯುವವರಿಲ್ಲದ ಊರಿನಲ್ಲಿ ಸಣ್ಣ ಅಂಗಡಿ ಇಟ್ಟರಂತೆ. ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಕಳೆದಿತ್ತು.

ಮೊನ್ನೆ ಸೀರೆ ಮಡಿಸುವಾಗ ನನಗೇ ಗೊತ್ತಿಲ್ಲದೆ ಹೆಬ್ಬೆರಳನ್ನು ಒದ್ದೆ ಮಾಡಿ ಸೆರಗನ್ನು ಉಜ್ಜಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ನಾಚಿಕೆಯಾಯಿತು. ಅವರ ಗಾಡಿ ಬೀದಿ ದಾಟಿ ಹೋದ ದಿನ, ಎಷ್ಟೋ ವಾರಗಳ ಮೇಲೆ, ನಾನು ಬೆಳಗಿನವರೆಗೂ ಎಚ್ಚರವಾಗದೆ ನಿದ್ದೆ ಮಾಡಿದ್ದೆ.