ತಣ್ಣಗಿದ್ದ ತೊಟ್ಟಿ

ಲ್ಯಾಬಿನ ಯಂತ್ರದ ಸ್ಟೀಲ್ ತೊಟ್ಟಿಯೊಳಗೆ ಬೆರಳಿಟ್ಟು ನೋಡಿದೆ, ನೀರು ತಣ್ಣಗಿತ್ತು. ನನಗೆ ಅನುಮಾನ ಶುರುವಾದದ್ದು ಅವತ್ತೇ. ಒಂದು ಗಂಟೆ ಓಡಿದ ಯಂತ್ರ ನೀರನ್ನು ಮಗುವಿನ ಸ್ನಾನಕ್ಕೆ ಆಗುವಷ್ಟಾದರೂ ಬೆಚ್ಚಗೆ ಮಾಡಿರಬೇಕು. ಇದು ಮಡಕೆ ನೀರಿನ ಹಾಗಿತ್ತು. ಆದರೆ ಸ್ವಿಚ್ ಆನ್ ಇತ್ತು, ಯಂತ್ರ ಜುಂಯ್ ಎನ್ನುತ್ತಿತ್ತು, ಪಕ್ಕದ ಸ್ಟೂಲಿನ ಮೇಲೆ ಅಟೆಂಡರ್ ಏನೂ ಅರಿಯದವರಂತೆ ಕೂತಿದ್ದರು.

ನಾನು ಹುಟ್ಟಾ ಅನುಮಾನದವಳು, ಒಪ್ಪಿಕೊಳ್ಳುತ್ತೇನೆ. ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಫ್ರೀ ಟಿಕೆಟ್ಟನ್ನೂ ಎರಡು ಸಲ ಓದಿ ನೋಡುತ್ತೇನೆ. "ಕಣ್ಮುಂದೇನೆ ಹಾಲ್ ಕರ್ದ್ ಕೊಟ್ರೂ ನೀರ್ ಯಾವಾಗ ಬೆರೆಸುದ್ರು ಅಂತ ಹುಡುಕ್ತೀಯ ಕಣೇ ನೀನು," ಎಂದು ಅಮ್ಮ ಬೈಯುತ್ತಿದ್ದಳು.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದೆ. ಬಟ್ಟೆಗೆ ಹಾಕುವ ನೀಲಿ ಬಣ್ಣ ಕರಗಿದ ನೀರಿಗೆ ಒಂದು ಚಿಟಿಕೆ ನ್ಯಾನೊ ಪುಡಿ ಹಾಕಿ, ಆ ಫ್ಲಾಸ್ಕನ್ನು ತೊಟ್ಟಿಯಲ್ಲಿ ಇಡುವುದು ನನ್ನ ಕೆಲಸ. ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಅದು. ಯಂತ್ರ ಕಿವಿಗೆ ಕೇಳದ ಶಬ್ದದಿಂದ ನೀರನ್ನು ನಡುಗಿಸುತ್ತದೆ, ನಮಗೆ ಕೇಳುವುದು ಅದರ ಜುಂಯ್ ಮಾತ್ರ. ಆ ನಡುಕಕ್ಕೇ ನೀರು ಬೆಚ್ಚಗಾಗುತ್ತದೆ. ಸಣ್ಣ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ. ಆ ಹೊಡೆತಕ್ಕೆ, ಪುಡಿಯ ನೆರವಿನಿಂದ, ಬಣ್ಣದ ಅಣುಗಳು ಚೂರಾಗುತ್ತವೆ. ಹಾಗಂತ ನಾನು ನಂಬಿದ್ದೆ. ಗಂಟೆಯೊಳಗೆ ನೀರು ತಿಳಿಯಾಗುತ್ತಿತ್ತು. ವಸಂತನರಸಾಪುರದ ಕಾರ್ಖಾನೆಗಳ ದಾರಿಯಲ್ಲಿ ಹೋಗುವಾಗಲೆಲ್ಲ, ಒಂದು ದಿನ ಇಲ್ಲಿ ನನ್ನ ಯಂತ್ರ ಕೂರುತ್ತದೆ ಅಂದುಕೊಳ್ಳುತ್ತಿದ್ದೆ. ನಾಲ್ಕು ವರ್ಷದ ಕೆಲಸ, ಥೀಸಿಸ್ ಕೊಡಲು ಎರಡೇ ತಿಂಗಳು ಉಳಿದಿತ್ತು.

ಹನ್ನೊಂದಕ್ಕೆ ನನಗೆ ಕ್ಲಾಸು. ಆ ಒಂದು ಗಂಟೆ ಯಂತ್ರ ನೋಡಿಕೊಳ್ಳುವವರು ಅಟೆಂಡರ್. ಕುಣಿಗಲ್ ಕಡೆಯವರು, ಹಣೆ ತುಂಬ ವಿಭೂತಿ, ಬಾಟಲಿ ತೊಳೆದು ತೊಳೆದು ಬೆರಳ ತುದಿ ಬೆಳ್ಳಗಾದ ಮನುಷ್ಯ. ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ನಾನು ದಿನಾ ತೊಟ್ಟಿಯ ಬಿಸಿ ಅಳೆದು ನೋಟ್‌ಬುಕ್ಕಿನ ಅಂಚಿನಲ್ಲಿ ಗುಟ್ಟಾಗಿ ಬರೆದಿಡತೊಡಗಿದೆ. ಕೆಲವು ದಿನ ಬೆಚ್ಚಗೆ, ಕೆಲವು ದಿನ ತಣ್ಣಗೆ. ಪಕ್ಕದ ಲ್ಯಾಬಿನವರು ಹೇಳಿ ಮಾಡಿಸುತ್ತಿದ್ದಾರಾ? ಇಲ್ಲ, ಅಟೆಂಡರಿಗೇ ನನ್ನ ಮೇಲೇನಾದರೂ ಹಗೆಯಾ? ಅವರು ತಂದಿಡುತ್ತಿದ್ದ ಟೀಯನ್ನೂ ಕುಡಿಯುವುದು ಬಿಟ್ಟೆ. ಒಂದು ದಿನ ಹುಡುಗರಿಗೆ ಟೆಸ್ಟ್ ಕೊಟ್ಟು, ಕಾಲು ಗಂಟೆಗೇ ಸದ್ದಿಲ್ಲದೆ ವಾಪಸ್ ಬಂದೆ.

ಯಂತ್ರ ಆಫ್ ಆಗಿತ್ತು. ಅವರು ಫ್ಲಾಸ್ಕನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು.

"ಏನ್ರೀ ಇದು, ಮೆಷಿನ್ ಯಾಕ್ ಆಫ್ ಆಗಿದೆ?"

"ಕರೆಂಟ್ ಹೋಗಿತ್ತು ಮೇಡಂ," ಅಂದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ನಾನು ಫ್ಯಾನ್ ನೋಡಿದೆ, ಅವರೂ ನೋಡಿದರು. "ತಪ್ಪಾಯ್ತು ಮೇಡಂ. ಆ ಸದ್ದಿಗೆ ತಲೆ ಒಳ್ಗೆ ಜೀರುಂಡೆ ಹೊಕ್ಕಂಗಾಯ್ತದೆ. ತಡಿಯಕ್ಕಾಗ್ದಿದ್ ದಿನ ಆಫ್ ಮಾಡ್ತೀನಿ, ನೀವ್ ಬರೋ ಹೊತ್ಗೆ ಆನ್ ಮಾಡ್ತೀನಿ. ನಿಮ್ ಕೆಲ್ಸ ಕೆಡಬಾರ್ದು ಅಂತ ಕೈಯಲ್ಲೇ ಅಲ್ಲಾಡಿಸ್ತಿರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಕೈಯಲ್ಲಿ ಅಲ್ಲಾಡಿಸೋಕೆ ಇದೇನ್ ಮಜ್ಜಿಗೇನ್ರೀ? ನಾಲ್ಕು ವರ್ಷದ ಕೆಲ್ಸ ಹಾಳ್ಮಾಡಿದ್ರಲ್ಲ."

"ಬರ್ದು ಗಿರ್ದು ಕೊಡ್ಬೇಡಿ ಮೇಡಂ. ಎನ್‌ಕ್ವೈರಿ ಗಿನ್‌ಕ್ವೈರಿ ಅಂದ್ರೆ ಪೆನ್ಷನ್ ನಿಂತೋಯ್ತದೆ."

ನಾನು ಬರೆದೇ ಕೊಟ್ಟೆ. ನನ್ನ ಗೈಡ್ ನಮ್ಮ ವಿಭಾಗದ ಮುಖ್ಯಸ್ಥರೂ ಹೌದು. ಅವರು ದೂರನ್ನು ಓದಿ, ಪ್ರಿನ್ಸಿಪಾಲರಿಗೆ ಕಳಿಸುತ್ತೇನೆ ಎಂದು ಡ್ರಾಯರಿನಲ್ಲಿಟ್ಟರು.

ಸಂಜೆ ಮನೆಗೆ ಬಂದವಳೇ, ಹಾಳಾದ ದಿನಗಳನ್ನು ಗುರುತು ಹಾಕೋಣವೆಂದು ನೋಟ್‌ಬುಕ್ ತೆರೆದೆ. ತಣ್ಣಗಿದ್ದ ದಿನಗಳಲ್ಲಿ ಬಣ್ಣ ಉಳಿದಿರಬೇಕಿತ್ತು. ಉಳಿದಿರಲಿಲ್ಲ. ಯಂತ್ರ ಓಡಿದ ದಿನವೂ ಅಷ್ಟೇ, ಓಡದ ದಿನವೂ ಅಷ್ಟೇ. ಎರಡು ಮೂರು ತಣ್ಣನೆಯ ದಿನಗಳಲ್ಲಂತೂ ನೀರು ಇನ್ನೂ ತಿಳಿಯಾಗಿತ್ತು. ಹಾಗಾದರೆ ಯಂತ್ರ ಇಷ್ಟು ದಿನ ಮಾಡಿದ್ದೇನು?

ಮೊದಲು ಮಾಡಿದ್ದ ಪುಡಿಯನ್ನು ಯಂತ್ರವಿಲ್ಲದೆ ಪರೀಕ್ಷಿಸಿದ್ದೆ, ಬಣ್ಣ ಹೋಗಿರಲಿಲ್ಲ. ಆಮೇಲೆ, ವರ್ಷದ ಹಿಂದೆ ಮಾಡಿದ ಹೊಸ ಪುಡಿ ಬಣ್ಣವನ್ನು ಬೇಗ ಬೇಗ ತೆಗೆಯಿತು. ಆ ಖುಷಿಯಲ್ಲಿ ಅದನ್ನು ಯಂತ್ರವಿಲ್ಲದೆ ಪರೀಕ್ಷಿಸಲೇ ಇಲ್ಲ. ಊರನ್ನೆಲ್ಲ ಅನುಮಾನಿಸುವವಳು ನನ್ನ ಪುಡಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ. ನಾಚಿಕೆಯಿಂದ ಅವತ್ತು ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಅಟೆಂಡರ್ ಫ್ಲಾಸ್ಕ್ ತೊಳೆಯುತ್ತಿದ್ದ ಸಿಂಕಿನ ಹತ್ತಿರ ಹೋಗಿ ನಿಂತೆ. "ಆ ಬಣ್ಣ ಎಲ್ಲಿಗ್ ಹೋಗುತ್ತೆ ಅನ್ಸುತ್ತೆ ನಿಮ್ಗೆ?" ಎಂದು ಕೇಳಿದೆ.

ಅವರು ಫ್ಲಾಸ್ಕಿನ ತಳದಲ್ಲಿ ಉಳಿದಿದ್ದ ಪುಡಿಯ ಮೇಲೆ ಸ್ಪಿರಿಟ್ ಸುರಿದು ಅಲ್ಲಾಡಿಸಿದರು. ನೀಲಿ ಎದ್ದು ಬಂತು. "ಎಲ್ಲೂ ಹೋಗಿಲ್ಲ ಮೇಡಂ. ಪುಡಿಗೆ ಅಂಟ್ಕಂಡೈತೆ. ಸೋಪಿಗೆ ಹೋಗಕಿಲ್ಲ, ಸ್ಪಿರಿಟ್‌ಗೆ ಬುಡ್ತದೆ. ಒಂದ್ ವರ್ಷದಿಂದ ಹಿಂಗೇ ತೊಳಿತಿದೀನಿ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ನೀವ್ ಕೇಳ್ಲಿಲ್ವಲ್ಲ. ಬಣ್ಣನ ಪುಡಿಗೆ ಹತ್ತಿಸೋದೇ ನಿಮ್ ಕೆಲ್ಸ ಅಂದ್ಕಂಡಿದ್ದೆ."

ಬಣ್ಣ ಚೂರಾಗುತ್ತಿಲ್ಲ, ಪುಡಿಗೆ ಅಂಟುತ್ತಿದೆ ಅಷ್ಟೇ ಎಂದು ಗೈಡಿಗೆ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಅವನು ಆಫ್ ಮಾಡಿದ ದಿನದ ರೀಡಿಂಗ್ ಎಲ್ಲ ತೆಗೆದುಹಾಕು. ಯಾರಾದ್ರೂ ಕೇಳಿದ್ರೆ ನಿನ್ನ ಕಂಪ್ಲೇಂಟ್ ಇದೆಯಲ್ಲ, ತೋರಿಸೋಣ. ನೀರಂತೂ ತಿಳಿಯಾಗಿದೆ, ಮಿಕ್ಕಿದ್ದು ಯಾರಿಗ್ ಬೇಕು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಉಪಾಯ. ಆ ದಿನಗಳನ್ನು ಕಿತ್ತುಹಾಕಿದರೆ ನನ್ನ ಥೀಸಿಸ್ ಉಳಿಯುತ್ತಿತ್ತು, ಅಟೆಂಡರರ ಪೆನ್ಷನ್ ಹೋಗುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ನಾನು ಥೂ ಅನ್ನಲಿಲ್ಲ. "ಯೋಚನೆ ಮಾಡ್ತೀನಿ ಸರ್," ಎಂದು ಹೊರಗೆ ಬಂದೆ. ಎರಡು ದಿನ ಯೋಚಿಸಿದೆ ಕೂಡ.

ಮೂರನೆಯ ದಿನ ಸ್ಪಿರಿಟ್ ಹುಡುಕುತ್ತ ಸಿಂಕಿನ ಕೆಳಗಿನ ಬಾಗಿಲು ತೆಗೆದೆ. ಅಲ್ಲಿ ಸಾಲಾಗಿ ಹಳೆಯ ಆಸಿಡ್ ಕ್ಯಾನುಗಳು, ಒಳಗೆಲ್ಲ ನೀಲಿ. ಏನಿದು ಎಂದು ಅಟೆಂಡರನ್ನು ಕೇಳಿದೆ.

"ತೊಳ್ದಿದ್ದು ಮೇಡಂ. ಸಿಂಕಿಗೆ ಬುಟ್ರೆ ಮೋರಿಗೋಯ್ತದೆ, ಮೋರಿಯಿಂದ ಕೆರೆಗೋಯ್ತದೆ. ನೀರ್ ಶುದ್ಧ ಮಾಡೋ ಲ್ಯಾಬಿಂದ್ಲೇ ಹಂಗ್ ಬುಡಕ್ಕೆ ಮನ್ಸಾಗ್ಲಿಲ್ಲ."

ನಾಲ್ಕು ವರ್ಷದಲ್ಲಿ ನೀರಿನಿಂದ ಬಣ್ಣ ದೂರವಿಟ್ಟವರು ಆ ಲ್ಯಾಬಿನಲ್ಲಿ ಅವರೊಬ್ಬರೇ. ನೆಟ್ಟಗೆ ಗೈಡ್ ಕೋಣೆಗೆ ಹೋಗಿ ನನ್ನ ಪತ್ರ ವಾಪಸ್ ಕೊಡಿ ಅಂದೆ. ಅವರು ಹುಬ್ಬು ಗಂಟಿಕ್ಕಿ ಡ್ರಾಯರ್ ಎಳೆದರು. ಅವರೆದುರೇ ಪತ್ರ ಹರಿದೆ. ತಣ್ಣನೆಯ ದಿನಗಳನ್ನು ಉಳಿಸಿಕೊಂಡು, ಪಕ್ಕದಲ್ಲಿ 'ಯಂತ್ರ ಆಫ್, ಕೈಯಲ್ಲಿ ಅಲ್ಲಾಡಿಸಿದ್ದು' ಎಂದು ಬರೆದೆ. ಥೀಸಿಸ್ ಮುಂದಕ್ಕೆ ಹೋಯಿತು. ಬೇರೆ ಪುಡಿ ಮಾಡಿ ಮೊದಲಿನಿಂದ ಶುರು ಮಾಡಿದೆ.

ಪತ್ರ ಹರಿದು ಹಾಕಿದೆ ಎಂದು ಅಟೆಂಡರಿಗೆ ಹೇಳಿದೆ. "ಆಯ್ತು ಮೇಡಂ," ಎಂದು ಬಾಟಲಿ ತೊಳೆಯುವುದನ್ನು ಮುಂದುವರಿಸಿದರು. ಮತ್ತೆ ಅವರು ನನಗೆ ಟೀ ತರಲಿಲ್ಲ. ಯಂತ್ರ ಓಡುವಾಗ ಹೊರಗೆ ಕೂತ್ಕೊಳ್ಳಿ ಎಂದರೂ ಹೋಗುತ್ತಿರಲಿಲ್ಲ, ಕಿವಿಗೆ ಟವೆಲ್ ಸುತ್ತಿಕೊಂಡು ಅದರ ಪಕ್ಕದಲ್ಲೇ ಕೂರುತ್ತಿದ್ದರು. ನಾನು ಕ್ಲಾಸು ಮುಗಿಸಿ ಬಂದೊಡನೆ ಎದ್ದು ನಿಲ್ಲುತ್ತಿದ್ದರು.

"ಆನ್ ಐತೆ ಮೇಡಂ. ನೀರ್ ಮುಟ್ಟಿ ನೋಡ್ಕಳಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡ ಬಿಡಿ ಎಂದರೆ ಕೇಳುತ್ತಿರಲಿಲ್ಲ. ನಾನು ಬೆರಳಿಡುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಅವರು ನಿವೃತ್ತರಾಗುವವರೆಗೆ ಮೂರು ತಿಂಗಳು ದಿನಾ ಬೆರಳಿಟ್ಟೆ. ನೀರು ದಿನಾ ಬೆಚ್ಚಗಿರುತ್ತಿತ್ತು.