ಮೂರನೆಯ ಕೂಗು

ಹುಣಸೂರಿನ ಶಾಲೆಯಲ್ಲಿ ನನ್ನ ಜೊತೆಗಿದ್ದ ಕ್ರೈಸ್ತ ಟೀಚರಿಗೆ, ಕನ್ಯಾಸ್ತ್ರೀಯರ ಮಠಕ್ಕೆ ದೇವರು ತನ್ನನ್ನು ಕರೆಯುತ್ತಿದ್ದಾನೋ ಇಲ್ಲವೋ ಎಂಬ ದಿಗಿಲು. ನೋಟ್‌ಬುಕ್ ತಿದ್ದುತ್ತಿದ್ದವರು ಪೆನ್ನು ನಿಲ್ಲಿಸಿ, "ಯಾರೋ ಕರ್ದಂಗಾಯ್ತಲ್ವಾ?" ಎನ್ನುತ್ತಿದ್ದರು.

ಶಾಲೆಯ ಆಯಾ ಒಮ್ಮೆ ಗದರಿದಳು: "ಮೂರು ಸತಿ ಕೂಗೋಗಂಟ ಓ ಅನ್ಬೇಡಿ ಕಣ್ರವ್ವ. ದೆವ್ವ ಒಂದೇ ಸತಿ ಕೂಗೋದು."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. "ಎರಡು ಸಲ ಆಗೋಯ್ತು ಕಣ್ರೀ," ಎಂದರು.

ಅವತ್ತು ಸಂಜೆ ಅವರು ಕೊಡೆ ಮರೆತು ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದರು. ಹೆಸರು ಹಿಡಿದು ಕೂಗಲು ಬಾಯಿ ತೆರೆದವಳು ಹೆದರಿ ಮುಚ್ಚಿಕೊಂಡೆ. ನನ್ನದೇ ಮೂರನೆಯ ಕೂಗಾಗಿಬಿಟ್ಟರೆ? ಸೀರೆ ಎತ್ತಿ ಹಿಡಿದು ಓಡಿ, ಕೊಡೆಯನ್ನು ಅವರ ಕೈಗಿಟ್ಟೆ.

ಏದುಸಿರು ಬಿಡುತ್ತಿದ್ದ ನನ್ನನ್ನೇ ಅವರು ನೋಡುತ್ತ ನಿಂತರು. "ಇಷ್ಟು ದೂರ ಓಡಿ ಬಂದ್ರಲ್ಲ, ಒಂದ್ಸಲ ಕೂಗಬಾರ್ದಿತ್ತಾ?"